ಗುಡ್ಡದ ಕೊಳ್ಳದಲ್ಲಿ ಕಾಡ್ಗಿಚ್ಚಿನ ಉರುವಲು ತಗ್ಗಿಸುವ ಬಗೆ

ಪುಣೆಯ ಬಾವಧನ್, ವಾರಜೆ, ಕಾತ್ರಜ್ ಸುತ್ತಿನ ಗುಡ್ಡಗಳಿಗೆ ತಾಗಿಕೊಂಡಿರುವ ಸೊಸೈಟಿಗಳಲ್ಲಿ ನಮ್ಮವರ ಮನೆಗಳೂ ಇವೆ. ಮಳೆಗಾಲದಲ್ಲಿ ಬೆಳೆದ ಹುಲ್ಲು ದೀಪಾವಳಿ ಕಳೆಯುತ್ತಲೇ ಒಣಗತೊಡಗುವುದರಿಂದ, ಫೆಬ್ರವರಿ ನಡುವೆ ಬೆಂಕಿಯ ಕಾಲ ಶುರುವಾಗುವ ಮುನ್ನವೇ ಉರುವಲಾಗುವ ಹುಲ್ಲು, ಪೊದೆಗಳನ್ನು ತೆಗೆಯುವ ಕೆಲಸ ಮುಗಿಯಬೇಕು. ಜಾಗ ಅರಣ್ಯ ಇಲಾಖೆಯದಾಗಿದ್ದರೆ ವಲಯ ಅರಣ್ಯ ಅಧಿಕಾರಿಯ ಲಿಖಿತ ಅನುಮತಿ ಪಡೆಯದೆ ಕುಡುಗೋಲು ಹಿಡಿಯಬಾರದು.

ಎಲ್ಲಿ ಕೊಯ್ಯಬೇಕೆಂಬುದೇ ಮುಖ್ಯ. ಕೊಳ್ಳದ ಬೆಂಕಿ ಹೊಗೆಗೂಡಿಗೆ ಸಿಕ್ಕ ಹೊಗೆಯಂತೆ ಮೇಲಕ್ಕೆ ನುಗ್ಗುತ್ತದೆ. ಜ್ವಾಲೆ ಇಳಿಜಾರಿನತ್ತ ವಾಲಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸುವುದರಿಂದ, ಇಳಿಜಾರು 10 ಡಿಗ್ರಿ ಹೆಚ್ಚಿದರೆ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆ. ಹೀಗಾಗಿ ಕೊಳ್ಳದ ತಲೆಯ ಮೇಲಿರುವ ಮನೆಗಳಿಗೇ ಅಪಾಯ ಹೆಚ್ಚು, ಬೆಂಕಿ ರೇಖೆಯೂ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದು ಬರಿದಾಗಿಸಿದ ಪಟ್ಟಿಯೂ, ಮೊದಲು ಅಲ್ಲಿಗೇ ಬೇಕು. ಇಲ್ಲಿಯವರು ‘ಜಾಳ್ ರೇಷಾ’ ಎನ್ನುವ ಈ ಪಟ್ಟಿಯ ಅಗಲವನ್ನು ಇಲಾಖೆಯವರನ್ನೇ ಕೇಳಿ ನಿರ್ಧರಿಸುವುದು ಲೇಸು. ಇಡೀ ಗುಡ್ಡವನ್ನು ಬೋಳಿಸುವ ಉತ್ಸಾಹ ಮಾತ್ರ ಬೇಡ: ಮಣ್ಣು ಕೊಚ್ಚಿಹೋಗುತ್ತದೆ, ನೆರಳು ತಪ್ಪಿದ ನೆಲ ಇನ್ನೂ ಬೇಗ ಒಣಗುತ್ತದೆ.

ದೊಡ್ಡ ಮರಗಳನ್ನು ಮುಟ್ಟದೆ, ನೆಲದ ಬೆಂಕಿಯನ್ನು ಕೊಂಬೆಗೆ ದಾಟಿಸುವ ಪೊದೆಗಳನ್ನು ಮೊದಲು ತೆಗೆಯಬೇಕು. ಇವುಗಳಲ್ಲಿ ಲಂಟಾನವೇ ಹಠಮಾರಿ. ಬುಡದ ಮೇಲೆ ಕಡಿದರೆ ಮತ್ತೆ ಚಿಗುರುವುದರಿಂದ, ಗುದ್ದಲಿಯಿಂದ ಮಣ್ಣು ಸರಿಸಿ, ಬೇರಿನ ಕೊರಳನ್ನು (ಬೇರು ಕಾಂಡಕ್ಕೆ ಸೇರುವ ಭಾಗವನ್ನು) ನೆಲಮಟ್ಟದಿಂದ ಎರಡು ಬೆರಳಿನಷ್ಟು ಕೆಳಗೆ ಕತ್ತರಿಸಿ, ಕಿತ್ತ ಪೊದೆಯನ್ನು ಬೇರು ಮೇಲಾಗುವಂತೆ ತಲೆಕೆಳಗಾಗಿ ಒಣಗಲು ಬಿಟ್ಟು, ಒಣಗಿದ ಮೇಲೆ ಹೊರಗೆ ಸಾಗಿಸಬೇಕು. ಕಾಯಿ ಕಟ್ಟುವ ಮುನ್ನ ಇದನ್ನು ಮಾಡಿದರೆ ಬೀಜ ಉದುರುವುದಿಲ್ಲ. ಪುಣೆಯ ಗುಡ್ಡಗಳಲ್ಲಿ ಹೇರಳವಾಗಿರುವ ಗ್ಲಿರಿಸಿಡಿಯಾ ಮರ ಬೇಸಿಗೆಗೆ ಮುನ್ನವೇ ಎಲೆ ಉದುರಿಸುತ್ತದೆ; ಆ ತರಗೆಲೆಯೂ ಉರುವಲೇ ಆದ್ದರಿಂದ ಬೆಂಕಿ ರೇಖೆಯನ್ನು ಆಗಾಗ ಗುಡಿಸಿದರೆ ಮಾತ್ರ ಅದು ರೇಖೆಯಾಗಿ ಉಳಿಯುತ್ತದೆ.

ಕೊಯ್ದ ಹುಲ್ಲನ್ನು ಅಲ್ಲಿಯೇ ರಾಶಿ ಹಾಕುವುದೆಂದರೆ ಉರುವಲನ್ನು ಒಟ್ಟಿಟ್ಟಂತೆಯೇ. ಗೋಶಾಲೆಗೋ ಕಾಂಪೋಸ್ಟ್ ಗುಂಡಿಗೋ ಕಳಿಸಬೇಕು, ಸುಡಬಾರದು. ಸುಟ್ಟರೆ ಮರುವರ್ಷ ಹುಲ್ಲು ಹುಲುಸಾಗುತ್ತದೆಂಬ ನಂಬಿಕೆ ಇಲ್ಲಿ ಇನ್ನೂ ಗಟ್ಟಿಯಾಗಿದೆ, ಆದರೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1927ರ ಅರಣ್ಯ ಕಾಯ್ದೆಯಡಿ ಅಪರಾಧ. ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ, ಮನೆಗಳ ಹತ್ತಿರವಾದರೆ 101ಕ್ಕೆ ಕರೆ ಮಾಡಬೇಕು.

ಮಳೆ ಹಿಡಿದ ಮೇಲೆ ಒಮ್ಮೆ ಮರಳಿ ಹೋಗಿ, ಹಕ್ಕಿಗಳು ಕೂರುವ ಮರಗಳ ಕೆಳಗೆ ಹುಡುಕಿದರೆ ಲಂಟಾನದ ಎಳೆ ಸಸಿಗಳು ಸಿಗುತ್ತವೆ. ಮಣ್ಣು ಹಸಿಯಾಗಿರುವಾಗ ಅವನ್ನು ಬರಿಗೈಯಿಂದಲೇ ಬೇರುಸಹಿತ ಕೀಳಬಹುದು.