ಮರ್ಥರ್‌ಗೆ ಹೊಸದಾಗಿ ಬಂದಿದ್ದೀರಾ? ಒಂದು ಶನಿವಾರ ಪೆನಿಡ್ಯಾರೆನ್ ಪಾರ್ಕಿಗೆ ಬನ್ನಿ

ವೇಲ್ಸಿನ ಮರ್ಥರ್ ಟಿಡ್ವಿಲ್‌ಗೆ ಕೆಲಸಕ್ಕೆಂದು ಬರುವ ಕನ್ನಡದವರು ಫೋನಿನಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಾಡಿಗೆ ಮನೆಯನ್ನು ಯಾವ ಕಡೆ ಹಿಡಿಯಬೇಕು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಚಳಿ ತಡೆಯಬಹುದೇ? ಮನೆಯನ್ನು ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ. ಅಕ್ಕಿಗೆ ತಿಂಗಳಿಗೊಮ್ಮೆ ಕಾರ್ಡಿಫ್‌ಗೆ ಹೋಗಿ ಬನ್ನಿ, ರೈಲಿನಲ್ಲಿ ಒಂದು ಗಂಟೆ. ಚಳಿಗಿಂತ ಮಳೆಗೆ ಹೆದರಿ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದ ನನಗೆ ಮಳೆ ಹೊಸದೇನಲ್ಲ, ಆದರೆ ಇಲ್ಲಿಯ ಮಳೆ ಮೇಲಿನಿಂದ ಬೀಳದೆ ಅಡ್ಡಡ್ಡ ಬರುತ್ತದೆ. ಕೊಡೆ ಒಂದು ವಾರವೂ ಬಾಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಬಂದ ಮೊದಲ ತಿಂಗಳಲ್ಲೇ ಒಂದು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಪೆನಿಡ್ಯಾರೆನ್ ಪಾರ್ಕಿಗೆ ಹೋಗಿ ಫುಟ್‌ಬಾಲ್ ಪಂದ್ಯ ನೋಡಿ. ಹೆಚ್ಚಿನವರು ನಗುತ್ತಾರೆ. ನನಗೇನೂ ಫುಟ್‌ಬಾಲ್ ಹುಚ್ಚಿಲ್ಲ. ಆಫ್‌ಸೈಡ್ ಎಂದರೇನು ಎಂದು ಇಂದಿಗೂ ಗಂಡನನ್ನೇ ಕೇಳುತ್ತೇನೆ. ಆದರೂ ಈ ಸಲಹೆಯನ್ನು ಬಿಡುವುದಿಲ್ಲ, ಅದಕ್ಕೆ ಕಾರಣವಿದೆ.

ನಾನು ಇಲ್ಲಿಗೆ ನರ್ಸ್ ಆಗಿ ಬಂದ ವರ್ಷ ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ಊಟ ಬೇಡ, ಮಾತ್ರೆ ಬೇಡ, ಮಾತೂ ಬೇಡ. ಶನಿವಾರ ಸಂಜೆ ಮಾತ್ರ ತಾವಾಗಿಯೇ ನನ್ನತ್ತ ತಿರುಗಿ, ‘ನಮ್ಮವರು ಏನು ಮಾಡಿದರು?’ ಎಂದು ಕೇಳಿದರು. ನಾನು ಜಾಣತನ ತೋರಿಸಲು ಹೋಗಿ, ‘ಯಾರು, ಮ್ಯಾಂಚೆಸ್ಟರ್‌ನವರೇ?’ ಎಂದೆ. ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದವರು ಮರುದಿನದವರೆಗೂ ಇತ್ತ ತಿರುಗಲಿಲ್ಲ. ಮುಂದಿನ ಶನಿವಾರ ನಾನು ಮೊದಲೇ ಸ್ಕೋರ್ ತಿಳಿದುಕೊಂಡು ಹೋಗಿ ಒಪ್ಪಿಸಿದೆ. ಅಂದು ಅವರು ಸೂಪನ್ನು ಪೂರ್ತಿ ಕುಡಿದರು. ‘ನಮ್ಮವರು’ ಎಂದರೆ ಯಾರು ಎಂದು ಹುಡುಕಿಕೊಂಡು ಹೋದದ್ದು ಹಾಗೆ.

ಮೊದಲು ಊರಿನ ಹೆಸರು. ಟಿಡ್ವಿಲ್ ಎಂಬುವಳು ಬ್ರಖನ್ ಎಂಬ ರಾಜನ ಮಗಳು, ಐದನೆಯ ಶತಮಾನದಲ್ಲಿ ತನ್ನ ನಂಬಿಕೆಗಾಗಿ ಇಲ್ಲಿ ಕೊಲೆಯಾದಳು ಎನ್ನುವುದು ಐತಿಹ್ಯ. ಅವಳ ಹೆಸರೇ ಊರಿನ ಹೆಸರಾಯಿತು. ಬಲಿದಾನಿಯ ಊರಾದ್ದರಿಂದ ಇಲ್ಲಿಯ ಫುಟ್‌ಬಾಲ್ ತಂಡಕ್ಕೆ ‘ಮಾರ್ಟರ್ಸ್’, ಅಂದರೆ ಹುತಾತ್ಮರು, ಎಂದು ಅಡ್ಡಹೆಸರು. ತಂಡದ ಚರಿತ್ರೆಯನ್ನು ಓದಿದರೆ ಆ ಹೆಸರನ್ನು ಅದು ಕಷ್ಟಪಟ್ಟೇ ಗಳಿಸಿದೆ ಎನ್ನಿಸುತ್ತದೆ.

ಮೈದಾನವೂ ಸಾಮಾನ್ಯ ಜಾಗವಲ್ಲ. ಅದರ ಕೆಳಗೆ ರೋಮನ್ನರ ಕೋಟೆಯಿತ್ತು. ಮುಂದೆ ಅಲ್ಲಿ ಪೆನಿಡ್ಯಾರೆನ್ ಕಬ್ಬಿಣದ ಕಾರ್ಖಾನೆಯ ಯಜಮಾನ ಹೋಮ್‌ಫ್ರೇಯ ಬಂಗಲೆ ಮತ್ತು ಅದರ ತೋಟ ಎದ್ದವು. 1804ರ ಫೆಬ್ರುವರಿ 21ರಂದು ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರ್ ಹಬೆಯ ಎಂಜಿನನ್ನು ಹಳಿಯ ಮೇಲೆ ಮೊದಲ ಬಾರಿಗೆ ಸರಕು ಸಮೇತ ಓಡಿಸಿದ್ದು ಇದೇ ಕಾರ್ಖಾನೆಯಿಂದ: ಹತ್ತು ಟನ್ ಕಬ್ಬಿಣ, ಮೇಲೆ ಹತ್ತಿ ಕುಳಿತ ಎಪ್ಪತ್ತು ಜನ, ಅಬರ್ಕೈನನ್‌ವರೆಗೆ ಒಂಬತ್ತು ಮೈಲಿಗೂ ಹೆಚ್ಚಿನ ದಾರಿ. ಹೋಮ್‌ಫ್ರೇ ಎದುರಾಳಿ ಮಾಲೀಕನ ಜೊತೆ ಕಟ್ಟಿದ್ದ ಪಂಥವೇ ಇದಕ್ಕೆ ಕಾರಣ. ಜಗತ್ತಿನ ಮೊದಲ ರೈಲು ಇಂಗ್ಲೆಂಡಿನದು ಎಂದು ಶಾಲೆಯಲ್ಲಿ ಕಲಿತಿದ್ದರೆ ಅದನ್ನು ಇಲ್ಲಿ ಯಾರ ಮುಂದೆಯೂ ಹೇಳಬೇಡಿ. ಅಂದ ಹಾಗೆ, ‘ಇಂಗ್ಲೆಂಡಿನಲ್ಲಿದ್ದೇನೆ’ ಎಂದು ಮನೆಯವರಿಗೆ ಹೇಳುವ ಅಭ್ಯಾಸವನ್ನೂ ಬಿಡಿ. ಇದು ವೇಲ್ಸ್.

ಇನ್ನು ಕ್ಲಬ್ಬಿನ ಕಥೆ. ಇದು ಮೂರು ಜನ್ಮದ ಕಥೆ, ಊರಿನವರು ಮೂರನ್ನೂ ಸೇರಿಸಿ ಒಂದೇ ಎಂಬಂತೆ ಮಾತನಾಡುತ್ತಾರೆ. ಮರ್ಥರ್ ಟೌನ್ ಹುಟ್ಟಿದ್ದು 1908ರಲ್ಲಿ. ಆಗ ಇದು ಕಬ್ಬಿಣ ಮತ್ತು ಕಲ್ಲಿದ್ದಲಿನ ದೊಡ್ಡ ಊರು. ಕ್ಲಬ್ 1920ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನೊಳಗೆ ಬಂತು, ಹತ್ತು ವರ್ಷ ಅಲ್ಲಿತ್ತು. ವೈಭವವೇನೂ ಇರಲಿಲ್ಲ. 1922ರಿಂದ 1925ರವರೆಗೆ ಪರಊರಿನ ಮೈದಾನಗಳಲ್ಲಿ ಆಡಿದ 61 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಇಂಥ ದಾಖಲೆಯನ್ನು ಬೇರೆ ಊರಿನವರಾದರೆ ಮುಚ್ಚಿಡುತ್ತಿದ್ದರು, ಇವರು ನಗುತ್ತಲೇ ಹೇಳುತ್ತಾರೆ.

ನಗು ನಿಲ್ಲುವುದು 1930ಕ್ಕೆ. ಆ ಕಾಲದಲ್ಲಿ ಲೀಗಿನ ತಳದಲ್ಲಿ ಉಳಿದವರು ಮತ್ತೆ ಒಳಗೆ ಸೇರಲು ಉಳಿದ ಕ್ಲಬ್ಬುಗಳ ಮತ ಕೇಳಬೇಕಿತ್ತು. ಮರ್ಥರ್ ಕೊನೆಯ ಸ್ಥಾನದಲ್ಲಿತ್ತು. ಮತ ಬೀಳಲಿಲ್ಲ. ಅದರ ಜಾಗಕ್ಕೆ ಲಂಡನ್ನಿನ ಥೇಮ್ಸ್ ಎಂಬ ಕ್ಲಬ್ ಬಂತು. ಅದೇ ವರ್ಷ ಊರಿಗೆ ಸೇರಿದ ಡೌಲೈಸ್‌ನ ದೊಡ್ಡ ಉಕ್ಕಿನ ಕಾರ್ಖಾನೆಯ ಬಹುಭಾಗ ಮುಚ್ಚಿತು. ಕೆಲಸವಿಲ್ಲದವನು ಟಿಕೆಟ್ಟಿಗೆ ದುಡ್ಡು ಎಲ್ಲಿಂದ ತರಬೇಕು? 1934ರಲ್ಲಿ ಕ್ಲಬ್ಬೂ ಬಾಗಿಲು ಹಾಕಿತು. 1939ರಲ್ಲಂತೂ ಲಂಡನ್ನಿನ ಒಂದು ಅಧ್ಯಯನ ಸಂಸ್ಥೆ ಊರನ್ನೇ ಖಾಲಿ ಮಾಡಿಸಿ ಜನರನ್ನು ಕರಾವಳಿಯ ಕಡೆಗೆ ಸಾಗಿಸುವುದು ಒಳ್ಳೆಯದೆಂದು ಸೂಚಿಸಿತು. ಎದ್ದು ಹೋಗಿ ಎಂದವರ ಮಾತನ್ನು ಈ ಊರು ಇನ್ನೂ ಮರೆತಿಲ್ಲ. ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಊರಿನಿಂದ ಬಂದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಎರಡನೆಯ ಜನ್ಮ 1945ರಲ್ಲಿ, ಮರ್ಥರ್ ಟಿಡ್ವಿಲ್ ಎಂಬ ಹೆಸರಿನಲ್ಲಿ. ಯುದ್ಧ ಮುಗಿದಿತ್ತು, ಊರಿಗೆ ಹೂವರ್ ಕಂಪನಿಯ ಬಟ್ಟೆ ಒಗೆಯುವ ಯಂತ್ರದ ಕಾರ್ಖಾನೆ ಬರುವುದರಲ್ಲಿತ್ತು. ತಂಡ 1948ರಿಂದ 1954ರೊಳಗೆ ಐದು ಬಾರಿ ಇಂಗ್ಲೆಂಡಿನ ಕೆಳಹಂತದ ಸದರ್ನ್ ಲೀಗ್ ಗೆದ್ದಿತು. ವೆಲ್ಷ್ ಕಪ್ಪಿನಲ್ಲಿ 1949ರಲ್ಲಿ ಸ್ವಾನ್ಸಿಯನ್ನೂ 1951ರಲ್ಲಿ ಕಾರ್ಡಿಫ್ ಅನ್ನೂ ಸೋಲಿಸಿತು. ಯುವೆಂಟಸ್‌ಗೆ ಆಡಿದ್ದ ಮಹಾ ಆಟಗಾರ ಜಾನ್ ಚಾರ್ಲ್ಸ್ 1970ರ ದಶಕದ ಆರಂಭದಲ್ಲಿ ಇಲ್ಲಿ ತಂಡದ ಹೊಣೆ ಹೊತ್ತಿದ್ದರು. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಒಂದು ದಿನಾಂಕ ಮಾತ್ರ ನೆನಪಿಟ್ಟುಕೊಳ್ಳಿ: 1987ರ ಸೆಪ್ಟೆಂಬರ್ 16.

ಆ ವರ್ಷ ಮರ್ಥರ್ ಮರುಪಂದ್ಯದಲ್ಲಿ ನ್ಯೂಪೋರ್ಟ್ ಕೌಂಟಿಯನ್ನು ಮಣಿಸಿ ವೆಲ್ಷ್ ಕಪ್ ಗೆದ್ದಿತ್ತು. ವೆಲ್ಷ್ ಕಪ್ ಗೆದ್ದವರಿಗೆ ಯುರೋಪಿನ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಆಡುವ ಹಕ್ಕು. ಎದುರಾಗಿ ಬಂದವರು ಇಟಲಿಯ ಅಟಲಾಂಟಾ. ಹಗಲು ಬೇರೆ ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದ ಹುಡುಗರ ತಂಡ ಒಂದು ಕಡೆ, ಸ್ವೀಡನ್ನಿನ ಅಂತರರಾಷ್ಟ್ರೀಯ ಆಟಗಾರ ಸ್ಟ್ರೋಮ್‌ಬರ್ಗ್ ಇದ್ದ ತಂಡ ಇನ್ನೊಂದು ಕಡೆ. ಸಾವಿರಾರು ಜನ ಪೆನಿಡ್ಯಾರೆನ್ ಪಾರ್ಕಿನಲ್ಲಿ ಕಿಕ್ಕಿರಿದರು. ಕೆವಿನ್ ರಾಜರ್ಸ್ ಒಂದು ಗೋಲು, ಸೆರಿ ವಿಲಿಯಮ್ಸ್ ಇನ್ನೊಂದು. 2–1, ಮರ್ಥರ್ ಗೆದ್ದಿತು! ಅದೇ ಸುತ್ತಿನ ಎರಡನೆಯ ಪಂದ್ಯಕ್ಕೆ ಅಟಲಾಂಟಾದ ಊರಾದ ಬೆರ್ಗಮೊಗೆ ಹೋಗಿ 2–0 ಸೋತು ಹೊರಬಿದ್ದರು, ಅಟಲಾಂಟಾ ಸೆಮಿಫೈನಲ್‌ವರೆಗೂ ಹೋಯಿತು. ಇಲ್ಲಿ ಬೆರ್ಗಮೊದ ಮಾತನ್ನು ಯಾರೂ ಎತ್ತುವುದಿಲ್ಲ, ನೀವೂ ಎತ್ತಬೇಡಿ.

ನನಗೆ ಈ ಕಥೆ ಸಿಕ್ಕಿದ್ದು ಪುಸ್ತಕದಲ್ಲಲ್ಲ. ನಾನು ನೋಡಿದ ಮೊದಲ ಪಂದ್ಯದ ದಿನ ನವೆಂಬರ್. ಊರಿನಿಂದ ತಂದ ತೆಳು ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಎನ್ನತೊಡಗಿತು. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳದೆ ತನ್ನ ಮೊಣಕಾಲ ಮೇಲಿದ್ದ ಚೌಕಳಿ ಕಂಬಳಿಯ ಅರ್ಧವನ್ನು ನನ್ನ ಮೇಲೆ ಹೊದಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಸಕ್ಕರೆ ಇಲ್ಲದ, ಕಡು ಕಂದು ಬಣ್ಣದ ಚಹಾ. ಆಮೇಲೆ ಗೋಲ್ ಕಂಬವೊಂದನ್ನು ತೋರಿಸಿ ಚೆಂಡು ಎಲ್ಲಿಂದ ಬಂತು, ಗೋಲ್‌ಕೀಪರ್ ಯಾವ ಕಡೆ ಬಿದ್ದ ಎಂದು ನಿನ್ನೆ ನಡೆದಂತೆ ವಿವರಿಸಿದಳು. ಈ ಊರಿನ ಜನ ತಮ್ಮ ದುಃಖವನ್ನು ಹೊಸಬರಿಗೆ ಸುಲಭವಾಗಿ ಹೇಳುವವರಲ್ಲ. ಹತ್ತಿರದ ಅಬರ್‌ವ್ಯಾನ್‌ನಲ್ಲಿ 1966ರ ಅಕ್ಟೋಬರ್ 21ರಂದು ಗಣಿ ತ್ಯಾಜ್ಯದ ಗುಡ್ಡ ಕುಸಿದು 116 ಮಕ್ಕಳೂ 28 ಹಿರಿಯರೂ ಸತ್ತರು. ಅದನ್ನು ಅವರಾಗಿ ಎತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ. ಅಟಲಾಂಟಾದ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಕೇಳಿ.

ವೇಲ್ಸಿನ ಕ್ಲಬ್ ಇಂಗ್ಲೆಂಡಿನ ಲೀಗಿನಲ್ಲಿ ಏಕೆ ಆಡುತ್ತದೆ ಎಂದು ನಿಮ್ಮ ಮಕ್ಕಳು ಕೇಳಿಯೇ ಕೇಳುತ್ತಾರೆ. 1992ರಲ್ಲಿ ವೇಲ್ಸಿನ ಸಂಸ್ಥೆ ತನ್ನದೇ ಲೀಗ್ ಕಟ್ಟಿ, ಗಡಿಯಾಚೆ ಆಡುತ್ತಿದ್ದ ಕ್ಲಬ್ಬುಗಳನ್ನು ಒಳಗೆ ಕರೆಯಿತು. ಮರ್ಥರ್ ಸೇರಿ ಎಂಟು ಕ್ಲಬ್ಬುಗಳು ಸಿಟ್ಟಿಗೆದ್ದವು, ಕೆಲವು ಕೊನೆಗೆ ಮಣಿದವು, ಮರ್ಥರ್ ಮಣಿಯಲಿಲ್ಲ. ಇಂದು ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್, ನ್ಯೂಪೋರ್ಟ್ ಜೊತೆಗೆ ಆಚೆ ಉಳಿದಿರುವ ಐದನೆಯದು ಇದು. ಆದರೆ ಆ ಹಟಕ್ಕೆ ಬೆಲೆ ತೆರಬೇಕಾಯಿತು: 1990ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಕಡೆ ಆಡುವವರಿಗೆ ವೆಲ್ಷ್ ಕಪ್ಪಿನ ಬಾಗಿಲು ಮುಚ್ಚಿತು, ಅದರೊಂದಿಗೆ ಯುರೋಪಿನ ದಾರಿಯೂ. ಅವರು ಮಾಡಿದ್ದು ಸರಿಯೇ ಎಂಬ ಚರ್ಚೆ ಪಬ್ಬಿನಲ್ಲಿ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹಟ ಬಿಟ್ಟಿದ್ದರೆ ಅದು ಮರ್ಥರ್ ಆಗುತ್ತಿರಲಿಲ್ಲ.

ಎರಡನೆಯ ಸಾವನ್ನು ನಾನೇ ಕಂಡೆ. 2009ರಲ್ಲಿ ಹೂವರ್ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು, 2010ರಲ್ಲಿ ಸಾಲದ ಹೊರೆಯಿಂದ ಕ್ಲಬ್ ದಿವಾಳಿಯಾಯಿತು. ಬೇರೆ ಕಡೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಭಿಮಾನಿಗಳೇ ಸೇರಿ ಮೂರನೆಯ ಬಾರಿ ಕಟ್ಟಿದರು, ಹಳೆಯ ಮರ್ಥರ್ ಟೌನ್ ಎಂಬ ಹೆಸರನ್ನೇ ಇಟ್ಟರು. ಮೂರು ಮೆಟ್ಟಿಲು ಕೆಳಗೆ, ವೆಸ್ಟರ್ನ್ ಲೀಗಿನಲ್ಲಿ ಆಡಬೇಕಾಯಿತು. ಪೆನಿಡ್ಯಾರೆನ್ ಪಾರ್ಕೂ ಆ ಒಂದು ವರ್ಷ ಕೈತಪ್ಪಿತು, ಕಾರ್ಡಿಫ್ ದಾರಿಯ ಟ್ಯಾಫ್ಸ್ ವೆಲ್ ಎಂಬಲ್ಲಿ ಆಡಿದರು. ವಾರ್ಡಿನ ಸಹೋದ್ಯೋಗಿಯೊಬ್ಬಳು ಒಂದು ಶನಿವಾರ ನನ್ನನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದಳು. ಪರರ ಮನೆಯಲ್ಲಿ ಮದುವೆ ಮಾಡಿದಂತಿತ್ತು, ಆದರೆ ನೆಂಟರೆಲ್ಲ ಬಂದಿದ್ದರು. ಆ ವರ್ಷವೂ ಲೀಗ್ ಗೆದ್ದರು, ಮರುವರ್ಷ ಸ್ವಂತ ಮೈದಾನಕ್ಕೆ ಮರಳಿ ಮತ್ತೆ ಗೆದ್ದರು. 2015ರಲ್ಲಿ ಇನ್ನೊಂದು ಮೆಟ್ಟಿಲು. 2025ರಲ್ಲಿ ಸದರ್ನ್ ಲೀಗ್ ಗೆದ್ದು ಆರನೆಯ ಹಂತದ ನ್ಯಾಷನಲ್ ಲೀಗ್ ನಾರ್ತ್‌ಗೆ ಏರಿದರು. ದಕ್ಷಿಣ ವೇಲ್ಸಿನ ತಂಡವನ್ನು ‘ನಾರ್ತ್’ಗೆ ಏಕೆ ಹಾಕಿದರು ಎಂದು ನನ್ನನ್ನು ಕೇಳಬೇಡಿ, ಭೂಪಟ ನೋಡಿದವರೆಲ್ಲ ಅದನ್ನೇ ಕೇಳುತ್ತಿದ್ದಾರೆ.

ಕ್ಲಬ್ ಇಂದಿಗೂ ಅಭಿಮಾನಿಗಳದೇ. ನಮ್ಮ ಸಹಕಾರ ಸಂಘಗಳಂತೆ ಒಬ್ಬ ಸದಸ್ಯನಿಗೆ ಒಂದು ಮತ. ಚಂದಾ ಕಟ್ಟಿದರೆ ನಿನ್ನೆ ಬಂದ ನೀವೂ ಸದಸ್ಯರು, ನೂರು ವರ್ಷದಿಂದ ಇಲ್ಲೇ ಇರುವ ಮನೆತನದವನಿಗೂ ನಿಮಗೂ ಒಂದೇ ತೂಕ. ವೀಸಾ ಕಾಗದಗಳಲ್ಲಿ ವರ್ಷಗಟ್ಟಲೆ ‘ತಾತ್ಕಾಲಿಕ’ ಎಂದು ಬರೆಸಿಕೊಂಡ ನನಗೆ ಆ ಸದಸ್ಯತ್ವದ ಚೀಟಿ ಕೈಗೆ ಬಂದಾಗ ಏನನ್ನಿಸಿತು ಎಂಬುದನ್ನು ಬಂದವರೆಲ್ಲ ಊಹಿಸಬಲ್ಲರು. ನಮ್ಮ ಮಟ್ಟಿಗೆ ದಾರಿ ಮೊದಲೇ ಸವೆದಿತ್ತು ಎನ್ನುವುದೂ ನಿಜ. ದಕ್ಷಿಣ ವೇಲ್ಸಿನ ಈ ಕಣಿವೆಗಳ ದವಾಖಾನೆಗಳಲ್ಲಿ ಭಾರತದಿಂದ ಬಂದ ವೈದ್ಯರು 1960ರ ದಶಕದಿಂದಲೂ ಕೆಲಸ ಮಾಡಿದ್ದಾರೆ, ಹಳಬರು ಅವರನ್ನು ಮನೆಯವರಂತೆ ನೆನೆಯುತ್ತಾರೆ.

ಮೈದಾನದಲ್ಲಿ ಕಿವಿಗೆ ಬೀಳುವ ಒಂದೆರಡು ಮಾತು. ‘ಬಟ್’ ಎಂದರೆ ‘ಗೆಳೆಯ’, ಬೈಗುಳವಲ್ಲ. ‘ಟೈಡಿ’ ಎಂದರೆ ‘ಭೇಷ್’. ‘ನೌ ಇನ್ ಎ ಮಿನಿಟ್’ ಎಂದರೆ ಈಗಲೂ ಅಲ್ಲ, ಒಂದು ನಿಮಿಷದಲ್ಲೂ ಅಲ್ಲ, ಎಂದಾದರೊಮ್ಮೆ. ನಲ್ಲಿ ರಿಪೇರಿಯವನು ಹಾಗೆಂದಾಗ ನಾನು ಬಾಗಿಲ ಬಳಿ ಮುಕ್ಕಾಲು ಗಂಟೆ ನಿಂತಿದ್ದೆ. ಕಾರ್ಡಿಫ್ ತಂಡದ ನೀಲಿ ಶಾಲು ಹೊದ್ದು ಹೋಗಬೇಡಿ, ಸ್ವಾನ್ಸಿಯದೂ ಬೇಡ.

ತಿನ್ನುವ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರವಾಗಿರಿ: ಇಲ್ಲಿಯ ಗ್ರೇವಿ ನಮ್ಮ ಗ್ರೇವಿಯಲ್ಲ, ಮಾಂಸದ ರಸ. ಚಿಪ್ಸ್ ಮೇಲೆ ಬರೀ ಉಪ್ಪು, ವಿನೆಗರ್ ಕೇಳಿ. ಎದೆ ಗಟ್ಟಿಯಿದ್ದರೆ ಕರಿ ಸಾಸ್ ಕೇಳಿ, ಹೆಸರು ಕರಿ ಎಂದಿದ್ದರೂ ಸಾರಿನ ರುಚಿಯನ್ನು ಅದರಲ್ಲಿ ಹುಡುಕಬೇಡಿ. ಮಕ್ಕಳನ್ನು ಕರೆತರುವವರು ಎರಡು ಜೊತೆ ಕಾಲುಚೀಲ ಹಾಕಿಸಿ. ಈಗ ನನ್ನ ಚೀಲದಲ್ಲೂ ಒಂದು ಚೌಕಳಿ ಕಂಬಳಿ, ಒಂದು ಫ್ಲಾಸ್ಕ್ ಇರುತ್ತವೆ. ಫ್ಲಾಸ್ಕಿನಲ್ಲಿರುವುದು ಮಾತ್ರ ಕಾಫಿ, ಸಕ್ಕರೆ ಹಾಕಿದ್ದು.