ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್

ರಾಯಚೂರಿನ ನಮ್ಮ ಮನೆಯಲ್ಲಿ ಕೂಲರ್ ಹಚ್ಚಬೇಕೋ ಬೇಡವೋ ಅಂತ ಹೇಳುವುದು ಪಡಸಾಲೆಯ ಗೋಡೆಗೆ ತೂಗುಹಾಕಿದ ಎರಡು ಥರ್ಮಾಮೀಟರ್. ಜ್ವರ ನೋಡುವಂಥವಲ್ಲ, ಕೋಣೆಯ ಬಿಸಿ ತೋರಿಸುವ ಸಾದಾ ಗಾಜಿನವು. ಒಂದನ್ನು ಹಾಗೇ ಬಿಟ್ಟಿದ್ದೇನೆ. ಇನ್ನೊಂದರ ಬುಡಕ್ಕೆ ಹಳೇ ಧೋತರದ ತುಂಡು ಸುತ್ತಿ, ಅದರ ತುದಿಯನ್ನು ನೀರಿನ ಸಣ್ಣ ಸೀಸೆಯಲ್ಲಿ ಇಳಿಬಿಟ್ಟಿದ್ದೇನೆ. ಫ್ಯಾನ್ ಗಾಳಿ ಎರಡಕ್ಕೂ ತಾಗಬೇಕು. ಬಟ್ಟೆಯ ನೀರು ಆರುವಾಗ ಬಿಸಿ ಎಳೆದುಕೊಳ್ಳುತ್ತದೆ, ಹಾಗಾಗಿ ಒದ್ದೆಯದರ ಅಂಕಿ ಕೆಳಗಿಳಿಯುತ್ತದೆ. ಅದಕ್ಕಿಂತ ತಂಪಾದ ಗಾಳಿ ಯಾವ ಕೂಲರ್‌ನಿಂದಲೂ ಬರಲ್ಲ. ಒಳ್ಳೆ ಪ್ಯಾಡ್ ಇದ್ದರೆ ಎರಡರ ನಡುವಿನ ಅಂತರದಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಇಳಿಸಬಹುದು, ಅಷ್ಟೇ.

ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ತೇವ ಶೇಕಡಾ 20 ಅಂದುಕೊಳ್ಳಿ. ಆಗ ಒದ್ದೆಯದು 24ರ ಹತ್ತಿರ ನಿಲ್ಲುತ್ತದೆ. ಅಂತರ 18. ಕೂಲರ್ ಗಾಳಿ 28 ಡಿಗ್ರಿಗೆ ಬರುತ್ತದೆ. ಅದೇ ಆಗಸ್ಟ್‌ನಲ್ಲಿ 32 ಡಿಗ್ರಿ, ತೇವ ಶೇಕಡಾ 75 ಆದರೆ ಒದ್ದೆಯದು 28ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಕೂಲರ್ ತಿಣುಕಾಡಿ ಮೂರು ಡಿಗ್ರಿ ಇಳಿಸುತ್ತದೆ, ಜತೆಗೆ ಮನೆ ತುಂಬ ಇನ್ನಷ್ಟು ತೇವ ತುಂಬುತ್ತದೆ. ಅವ್ವನಿಗೆ ಈ ಲೆಕ್ಕ ಬೇಕಾಗಿಲ್ಲ. "ಆ ಡಬ್ಬಾ ಬಂದ್ ಮಾಡಪ, ಮೈಯೆಲ್ಲ ಜಿಗಿಜಿಗಿ ಆಗ್ಲಿಕತ್ತದ" ಅಂತಾಳೆ. ಸಾಮಾನ್ಯವಾಗಿ ಥರ್ಮಾಮೀಟರೂ ಅದನ್ನೇ ಹೇಳುತ್ತಿರುತ್ತದೆ.

ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ. ಅಂತರ ಎಂಟು ಡಿಗ್ರಿಗಿಂತ ಜಾಸ್ತಿ ಇದ್ದರೆ ಕೂಲರ್. ಐದಕ್ಕಿಂತ ಕಡಿಮೆ ಆದರೆ ಕೂಲರ್ ಬಂದ್, ಕಿಟಕಿ ತೆಗೆದು ಫ್ಯಾನ್. ನಡುವೆ ಇದ್ದರೆ ಪಂಪು ಬಂದ್ ಮಾಡಿ ಬರೀ ಗಾಳಿ. ಮೇ ತಿಂಗಳಲ್ಲಿ ಇದು ಒಂದೇ ದಿನದಲ್ಲಿ ಬದಲಾಗುತ್ತದೆ. ಮಧ್ಯಾಹ್ನ ಕೆಂಡದಂಥ ಬಿಸಿಲು, ಐದು ಗಂಟೆಗೆ ಧೂಳೆಬ್ಬಿಸುವ ಗಾಳಿ, ಆಮೇಲೆ ಗುಡುಗು, ನಾಲ್ಕು ಹನಿ ಮಳೆ. ಕರೆಂಟೂ ಹೋಗುತ್ತದೆ. ಕರೆಂಟು ಬಂದ ಕೂಡಲೇ ಅಭ್ಯಾಸದಂತೆ ಕೂಲರ್ ಹಚ್ಚಿದರೆ ಸೆಕೆ ಇನ್ನೂ ಜಾಸ್ತಿ. ಆ ಹೊತ್ತಿಗೆ ಹೊರಗೇ ತಂಪಿರುತ್ತದೆ. ಎದುರುಬದುರು ಕಿಟಕಿ ತೆಗೆದರೆ ಸಾಕು.

ಕೂಲರ್ ವಿಷಯದಲ್ಲಿ ಇನ್ನೊಂದು ಮಾತು. ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಕೂಲರ್ ಹಚ್ಚುವ ಮನೆಗಳು ನಮ್ಮ ಓಣಿಯಲ್ಲೇ ಎಷ್ಟೋ ಇವೆ. ಏಸಿ ಥರ ಅಂದುಕೊಂಡಿರುತ್ತಾರೆ. ಕೂಲರ್‌ಗೆ ಹೊರಗಿನ ಒಣ ಗಾಳಿ ಬೇಕು, ಒಳಗಿನ ಒದ್ದೆ ಗಾಳಿಗೆ ಹೊರಗೆ ಹೋಗಲು ದಾರಿಯೂ ಬೇಕು. ಅದಕ್ಕೆ ನಮ್ಮದು ಕಿಟಕಿಯ ಹೊರಗೆ, ನೆರಳಲ್ಲಿ ಕೂತಿದೆ. ಅದರ ಎದುರಿನ ಬಾಗಿಲು ಒಂದು ಗೇಣು ತೆರೆದಿರುತ್ತದೆ. ತೊಟ್ಟಿಗೆ ಐಸ್ ಹಾಕುವುದೂ ಅಷ್ಟೇ, ಸುಮ್ನೆ ಖರ್ಚು. ಒಂದು ಕಿಲೋ ಐಸ್ ಕರಗುವಾಗ ಎಷ್ಟು ಬಿಸಿ ಎಳೆಯುತ್ತದೋ, ಒಂದು ಲೀಟರ್ ನೀರು ಆರಿಹೋಗುವಾಗ ಅದರ ಏಳು ಪಟ್ಟು ಎಳೆಯುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿನಿಂದ ಬಿಸಿ ನೀರು ಬರುತ್ತದಲ್ಲ ಅಂತ ಚಿಂತೆ ಬೇಡ.

ಚಿಂತೆ ಮಾಡಬೇಕಾದ್ದು ಬೋರಿನ ಸವಳು ನೀರಿನದ್ದು. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ದಿನಾ ಬರೀ ಮೇಲಿಂದ ತುಂಬುತ್ತಾ ಹೋದರೆ ತೊಟ್ಟಿಯ ನೀರು ಇನ್ನಷ್ಟು ಸವಳಾಗಿ, ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಆಮೇಲೆ ಗಾಳಿಯೂ ಹಾಯಲ್ಲ, ನೀರೂ ಇಳಿಯಲ್ಲ. ನಾನು ವಾರಕ್ಕೆರಡು ಸಲ ತೊಟ್ಟಿ ಪೂರ್ತಿ ಖಾಲಿ ಮಾಡಿ, ಉಜ್ಜಿ, ಒಣಗಿಸುತ್ತೇನೆ. ಡೆಂಗಿ ಸೊಳ್ಳೆಗೂ ಇದೇ ಮದ್ದು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದ ಮೇಲೆ ಬೇಕು, ಅಷ್ಟರೊಳಗೆ ನೀರು ಚೆಲ್ಲಿಬಿಟ್ಟರೆ ಮುಗಿಯಿತು. ಹುಲ್ಲಿನ ಪ್ಯಾಡನ್ನು ಪ್ರತಿ ವರ್ಷ ಬದಲಿಸುತ್ತೇನೆ. ನಮ್ಮದು ತಗಡಿನ ಕೂಲರ್. ಅದಕ್ಕೆ ಅರ್ಥಿಂಗ್ ಸರಿ ಇರಲೇಬೇಕು. ಪ್ಲಗ್ ಕೀಳದೆ ನೀರು ತುಂಬಲು ಮನೆಯಲ್ಲಿ ಯಾರನ್ನೂ ಬಿಡಲ್ಲ.

ಇಷ್ಟೆಲ್ಲ ಮಾಡಿದರೂ ಮೇಲಿನ ಆರ್‌ಸಿಸಿ, ಅಂದರೆ ಕಾಂಕ್ರೀಟ್ ಮಾಳಿಗೆ, ಕಾಯ್ದರೆ ಏನೂ ಉಪಯೋಗವಿಲ್ಲ. ಊರಲ್ಲಿ ನಮ್ಮ ಹಳೇ ಮಣ್ಣಿನ ಮಾಳಿಗೆ ಮನೆಯೊಳಗೆ ಬಿಸಿಲು ಇಳಿಯುತ್ತಲೇ ಇರಲಿಲ್ಲ. ಆರ್‌ಸಿಸಿ ಹಾಗಲ್ಲ. ದಿನವಿಡೀ ಬಿಸಿ ಕುಡಿದು, ಹೊತ್ತು ಮುಳುಗಿದ ಮೇಲೆ ಒಳಗೆ ಬಿಡುತ್ತದೆ. ನಮ್ಮ ಮಲಗುವ ಕೋಣೆ ಜಾಸ್ತಿ ಬಿಸಿ ಇರುವುದು ಮಧ್ಯಾಹ್ನ ಅಲ್ಲ, ರಾತ್ರಿ ಎಂಟು ಒಂಬತ್ತಕ್ಕೆ! ಅದಕ್ಕೆ ಶಿವರಾತ್ರಿ ಮುಗಿದ ಮೇಲೆ ಮೊದಲು ಮಾಡುವ ಕೆಲಸ, ಮಾಳಿಗೆ ಗುಡಿಸಿ ತೊಳೆದು ಸುಣ್ಣ ಬಳಿಯುವುದು. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಸೇರಿಸಿದರೆ ಬೇಗ ಏಳಲ್ಲ. ಎರಡು ಕೈ ಬಳಿಯಬೇಕು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಎಸೆಯುತ್ತದೆ. ಆದರೆ ಎರೆಮಣ್ಣಿನ ಧೂಳು ಕೂತು ಬಣ್ಣ ಕಂದಾದರೆ ಕೆಲಸ ಅರ್ಧ ಆಗುತ್ತದೆ, ಹಾಗಾಗಿ ಆಗಾಗ ಗುಡಿಸುತ್ತಿರಬೇಕು. ಪೇಟೆಯಲ್ಲಿ ತಂಪು ಪೇಂಟ್ ಅಂತ ಡಬ್ಬಿಗಳು ಸಿಗುತ್ತವೆ. ಜಾಸ್ತಿ ಬಾಳಿಕೆ ಬರುತ್ತವೆ, ನಿಜ. ನನಗೆ ಸುಣ್ಣವೇ ಸಾಕು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪಶ್ಚಿಮದ ಗೋಡೆಗೆ ಹಸಿರು ನೆಟ್ ಕಟ್ಟಿದ್ದೇನೆ, ಗೋಡೆಗೆ ಅಂಟದಂತೆ ಒಂದು ಮೊಳ ಬಿಟ್ಟು. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿದರೆ, ಕೂಲರ್ ಹಚ್ಚುವ ಕೋಣೆ ಬಿಟ್ಟು ಬೇರೆಲ್ಲೂ ಸಂಜೆವರೆಗೆ ತೆಗೆಯಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಷ್ಟೇ. ನನ್ನದೂ ಅಂಥದೇ ನೌಕರಿ. ಅಂದರೆ ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಮನೆಯಲ್ಲಿ. ಆಗ ಇಡೀ ಮನೆಗೆ ಏಸಿ ಹಾಕಿದರೆ ಬಿಲ್ಲು ಕಟ್ಟಿದಂತೆಯೇ! ಒಂದೂವರೆ ಟನ್ ಏಸಿ ರಾತ್ರಿಯೆಲ್ಲ ನಡೆದರೆ ಹತ್ತು ಯೂನಿಟ್ ಹತ್ತಿರ ಹೋಗುತ್ತದೆ. ನಮ್ಮ ಕೂಲರ್ ಅಷ್ಟೇ ಹೊತ್ತಿಗೆ ಎರಡು ಯೂನಿಟ್ ಮುಟ್ಟಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ, ಗೊತ್ತಲ್ವಾ. ಅದಕ್ಕೆ ಏಸಿ ಇರುವುದು ಅವ್ವ ಮಲಗುವ ಒಂದೇ ಕೋಣೆಯಲ್ಲಿ. ಅದೂ 26ಕ್ಕೆ ಇಟ್ಟು ಮೇಲೆ ಫ್ಯಾನ್. 2020ರಿಂದ ಸ್ಟಾರ್ ಗುರುತಿನ ಏಸಿಗಳು ಹಚ್ಚಿದ ಕೂಡಲೇ 24ಕ್ಕೆ ನಿಲ್ಲಬೇಕು ಅಂತ ನಿಯಮವೇ ಇದೆ, ಆದರೂ ರಿಮೋಟ್ ಹಿಡಿದು 18ಕ್ಕೆ ಇಳಿಸುವವರು ಇದ್ದೇ ಇದ್ದಾರೆ. ಏಸಿ ಇರುವ ಕೋಣೆಗೆ ಕೂಲರ್ ಗಾಳಿ ಬಿಡಬಾರದು. ಕೂಲರ್ ತುಂಬಿದ ತೇವವನ್ನು ತೆಗೆಯುವುದರಲ್ಲೇ ಏಸಿಯ ಶಕ್ತಿ ಸುಮ್ನೆ ಹೋಗುತ್ತದೆ. ಜೂನ್‌ನ ಮಿರಗ (ಮೃಗಶಿರಾ) ಮಳೆ ಹಿಡಿದ ಮೇಲೆ ಏಸಿಯನ್ನು ಡ್ರೈ ಮೋಡಿನಲ್ಲಿ ಒಂದು ತಾಸು ನಡೆಸಿದರೆ ಸಾಕಾಗುತ್ತದೆ.

ದೀಪಾವಳಿ ಹೊತ್ತಿಗೆ ಗಾಳಿ ಮತ್ತೆ ಒಣಗುತ್ತದೆ. ರಾತ್ರಿ ಚಳಿ ಶುರು. ಹೊರಗಿನವರು ರಾಯಚೂರಿನಲ್ಲಿ ಚಳಿಯಾ ಅಂತ ನಗುತ್ತಾರೆ. ಡಿಸೆಂಬರ್ ಬೆಳಗಿನ ಜಾವ ಬರಿಗಾಲಲ್ಲಿ ಶಹಾಬಾದ್ ಕಲ್ಲಿನ ಮೇಲೆ ನಿಂತು ನೋಡಲಿ. ಅವ್ವನ ಮೊಣಕಾಲು ಆಗಲೇ ಹಿಡಿಯುವುದು. ಮಂಚದ ಪಕ್ಕ ಗೋಣಿ ತಟ್ಟು ಹಾಸಿ, ಮೇಲೆ ಎರಡು ಕೌದಿ ಕೊಡುತ್ತೇವೆ. ಹೀಟರ್ ಕೊಂಡಿಲ್ಲ, ಬೇಕಾಗೂ ಇಲ್ಲ. ಸುಣ್ಣದ ಉಪಕಾರ ಗೊತ್ತಾಗುವುದೂ ಆಗಲೇ. ಮಳೆಗಾಲದಲ್ಲಿ ಅದು ತೊಳೆದುಹೋಗಿ ಮಾಳಿಗೆ ಮತ್ತೆ ಕಪ್ಪಾಗಿರುತ್ತದೆ. ಹಗಲಿನ ಬಿಸಿಲು ಕುಡಿದು ರಾತ್ರಿ ಕೋಣೆಗೆ ಬಿಡುತ್ತದೆ. ಬೇಸಿಗೆಯಲ್ಲಿ ಬೈಸಿಕೊಂಡ ಗುಣ ಚಳಿಗಾಲಕ್ಕೆ ಬೇಕೇ ಬೇಕು. ಕಾಯಂ ಪೇಂಟ್ ಹಾಕಿದ್ದರೆ ಇದು ಸಿಗುತ್ತಿರಲಿಲ್ಲ. ದಕ್ಷಿಣದ ಕಿಟಕಿ ಮಧ್ಯಾಹ್ನ ತೆಗೆದಿಟ್ಟು, ಹೊತ್ತು ಮುಳುಗುವ ಮುಂಚೆ ಮುಚ್ಚಿದರೆ ಆಯಿತು.

ಸ್ನಾನಕ್ಕೆ ಸೋಲಾರ್ ಇದೆ. ಮೋಡ ಇದ್ದ ದಿನ ಅಂಗಳದ ಹಂಡೆಗೆ ಹತ್ತಿಕಟ್ಟಿಗೆ ಉರಿ. ಕೆಂಡವನ್ನು ಬುಟ್ಟಿಯಲ್ಲಿ ತುಂಬಿ ಮಲಗುವ ಕೋಣೆಗೆ ತರುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ನಾನು ಖಂಡಿತ ಬಿಡಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಬಚ್ಚಲೊಳಗೆ ಗ್ಯಾಸ್ ಗೀಸರ್ ಕೂರಿಸುವುದೂ ಅಷ್ಟೇ ಅಪಾಯ. ಗೀಸರ್ ಹೊರಗೋಡೆಗೆ ಇರಲಿ, ಪೈಪು ಮಾತ್ರ ಒಳಗೆ ಬರಲಿ.

ಪ್ಯಾಡ್ ಕೊಳ್ಳುವವರು ಸಂಕ್ರಾಂತಿ ಆದ ಮೇಲೆ ಒಮ್ಮೆ ಪೇಟೆಗೆ ಹೋಗಿಬನ್ನಿ. ಯುಗಾದಿ ಹತ್ತಿರ ಬಂದರೆ ಅಂಗಡಿಯವರು ಹೇಳಿದ್ದೇ ರೇಟು.