ಜುವಾರಿನಗರದ ಖಾನಾವಳಿ ಖಾತೆ ಮತ್ತು ಸಂಜೆಯ ಮಾತ್ರೆ

ಟಿಬಿ ಜೊತೆ ಎಚ್‌ಐವಿನೂ ಇರುವ ಗೌಂಡಿ ಕೆಲಸದ ಹುಡುಗರು ಆರು ತಿಂಗಳ ಮಾತ್ರೆ ಮುಗಿಸುವುದಿಲ್ಲ, ಅರ್ಧಕ್ಕೇ ಊರಿನ ಬಸ್ಸು ಹತ್ತುತ್ತಾರೆ ಅಂತ ನನಗೆ ಹೇಳದವರಿಲ್ಲ. ಕಳೆದ ಎರಡು ಎರಡೂವರೆ ವರ್ಷದಲ್ಲಿ ಮಾತ್ರೆ ಮುಗಿಸುವಂತೆ ನೋಡಿಕೊಳ್ಳಲು ನನ್ನ ಕೈಗೆ ಬಂದವರು ಇಪ್ಪತ್ತು ಇಪ್ಪತ್ತೈದು ಜನ ಇರಬಹುದು. ಇಬ್ಬರೋ ಮೂವರೋ ಬಿಟ್ಟುಹೋದರು. ಉಳಿದವರೆಲ್ಲ ಮುಗಿಸಿದರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಮುಂದೆ ಬರುವ ಟಿಎಲ್‌ಡಿ ಅಂದರೆ ಡೊಲುಟೆಗ್ರಾವಿರ್ ಸೇರಿ ಮೂರು ಔಷಧ ಇರುವ ಎಚ್‌ಐವಿ ಮಾತ್ರೆ, ನಿಕ್ಷಯ್ ಅಂದರೆ ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ.

ಗೋವಾದ ಜುವಾರಿನಗರ ಗೊತ್ತಿಲ್ಲದವರಿಗೆ ಒಂದು ಮಾತು. ವಾಸ್ಕೋ ಹತ್ತಿರದ ಈ ಗುಡ್ಡದ ಮೇಲೆ ಗದಗ, ಬಾಗಲಕೋಟೆ, ವಿಜಯಪುರ ಕಡೆಯವರು ಅಷ್ಟು ಜನ ಇದ್ದಾರೆ. ಒಂದೊಂದು ಖೋಲಿಯಲ್ಲಿ ಆರೆಂಟು ಹುಡುಗರು. ಇಂಥಲ್ಲಿ ಒಬ್ಬನು ಬೆಳಿಗ್ಗೆ ಟಿಬಿ ಮಾತ್ರೆ, ರಾತ್ರಿ ಟಿಎಲ್‌ಡಿ ನುಂಗಬೇಕು. ಟಿಬಿ ಮಾತ್ರೆಯ ರಿಫಾಂಪಿಸಿನ್ ಇರುವವರೆಗೆ ಡೊಲುಟೆಗ್ರಾವಿರ್ ಮೈಯಲ್ಲಿ ನಿಲ್ಲುವುದಿಲ್ಲ, ಬೇಗ ಹೊರಗೆ ಹೋಗುತ್ತದೆ. ಹಾಗಾಗಿ ಟಿಎಲ್‌ಡಿ ನುಂಗಿ 12 ತಾಸು ಬಿಟ್ಟು ಡೊಲುಟೆಗ್ರಾವಿರ್ ಒಂದನ್ನೇ ಇನ್ನೊಂದು 50 ಮಿಲಿಗ್ರಾಂ ನುಂಗಬೇಕು. ಮೇಲೆ ಬೇರೆ ಸೋಂಕು ತಡೆಯಲು ಕೋಟ್ರೈಮಾಕ್ಸಝೋಲ್, ಜೊತೆಗೆ ಬಿ6 ವಿಟಮಿನ್. ಖೋಲಿಯಲ್ಲಿ ಎಲ್ಲರ ಕಣ್ಣೆದುರು ಇಷ್ಟನ್ನು ನುಂಗಿ ನೋಡಿ, ಎರಡೇ ದಿನಕ್ಕೆ ಪ್ರಶ್ನೆ ಶುರುವಾಗುತ್ತದೆ.

ಮೊದಲು ಮೊಬೈಲ್ ಅಲಾರಂ ಇಟ್ಟೆವು. ಅಲಾರಂ ಹೊಡೆದರೆ ಖೋಲಿಯವರಿಗೆಲ್ಲ ಎಚ್ಚರ, ಬೈಗುಳ, ಮೂರನೇ ದಿನಕ್ಕೆ ಬಂದ್. ಆಮೇಲೆ 99ಡಾಟ್ಸ್, ಮಾತ್ರೆ ನುಂಗಿದ್ದು ಫೋನ್ ಕರೆಯಿಂದ ದಾಖಲಾಗುವ ವ್ಯವಸ್ಥೆ. ಮಾತ್ರೆ ಒತ್ತಿ ತೆಗೆದರೆ ಹಿಂದೆ ಅಡಗಿದ ನಂಬರ್ ಕಾಣುತ್ತದೆ, ಅದಕ್ಕೆ ಪುಕ್ಕಟೆ ಕರೆ ಮಾಡಬೇಕು, ಅಷ್ಟೇ. ಯೋಚನೆ ಚೆನ್ನಾಗಿಯೇ ಇದೆ. ಆದರೆ ನಮ್ಮ ಹುಡುಗರ ಫೋನು ಇವತ್ತು ಇದ್ದರೆ ನಾಳೆ ಸಿಮೆಂಟಿನ ನೀರಲ್ಲಿ ಬಿದ್ದಿರುತ್ತದೆ. ಒಬ್ಬನಂತೂ ದಿನಾ ತಪ್ಪದೆ ಕರೆ ಮಾಡುತ್ತಿದ್ದ, ಹಾಸಿಗೆ ಕೊಡವಿದರೆ ಅಡಿಯಲ್ಲಿ ಮುಷ್ಟಿ ತುಂಬಾ ಮಾತ್ರೆ ಸಿಕ್ಕವು. ನಾನೇ ಖೋಲಿಗೆ ಹೋಗಿ ನೋಡಿದರೆ ಇನ್ನೊಂದು ತಾಪತ್ರಯ. ಹೆಗಲಿಗೆ ಚೀಲ ಹಾಕಿಕೊಂಡು ಬರುವ ಈ ಅಕ್ಕ ಯಾರು, ಯಾಕೆ ಬರುತ್ತಾಳೆ ಅಂತ ಓಣಿಯೆಲ್ಲ ಮಾತು. ವೇಶ್ಯಾವಾಟಿಕೆ ನಡೆಯುತ್ತಿದ್ದ ವಾಸ್ಕೋದ ಬೈನಾ ಬೀಚಿನ ಕಥೆ ಇಲ್ಲಿ ಯಾರೂ ಮರೆತಿಲ್ಲ. 2004ರಲ್ಲಿ ಆ ಬೀಚಿನ ಗುಡಿಸಲು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳೂ ಬಹಳ ಇದ್ದರು. ಎಚ್‌ಐವಿ ಅಂದರೆ ಓಣಿಯವರಿಗೆ ಇವತ್ತಿಗೂ ಅದೇ ನೆನಪಾಗುವುದು.

ದಾರಿ ತೋರಿಸಿದ್ದು ಈ ಹುಡುಗರು ಉಣ್ಣುವ ಖಾನಾವಳಿ ನಡೆಸುವ ಮಾವಶಿ. ಒಬ್ಬ ಹುಡುಗ ಹೇಳದೆ ಕೇಳದೆ ಊರಿಗೆ ಹೋಗಿದ್ದ. ಅವನನ್ನು ಹುಡುಕಿಕೊಂಡು ಹೋದಾಗ ಆಕೆ ಖಾತೆ ಪುಸ್ತಕ ಎದುರಿಗೆ ಬಿಸಾಕಿ ಅಂದಳು: "ಅಕ್ಕಾರ, ನಿಮ್ಮ ಪೇಶಂಟ್ ಹೋದ್ರ ನಿಮಗ ಒಂದು ಕಾಗದ ಕಮ್ಮಿ. ನನಗ ನಾಕ್ ಸಾವಿರ ಬಾಕಿ!"

ಪುಸ್ತಕ ತಿರುವಿ ನೋಡಿದೆ. ಯಾರು ಯಾವ ಹೊತ್ತಿಗೆ ಉಂಡರು, ಯಾರು ಉಣ್ಣಲಿಲ್ಲ ಎಲ್ಲ ಅದರಲ್ಲಿದೆ. ಜ್ವರ ಬಂದವನು ಮೊದಲು ರಾತ್ರಿ ಊಟ ಬಿಡುತ್ತಾನೆ. ಊರಿಗೆ ಹೊರಟವನು ಎರಡು ದಿನ ಮುಂಚೆ ಲೆಕ್ಕ ಕೇಳುತ್ತಾನೆ, ಇಲ್ಲವೇ ಬಾಕಿ ಮುಳುಗಿಸಲು ಊಟಕ್ಕೇ ಬರುವುದಿಲ್ಲ. ನಮ್ಮ ಯಾವ ಆಪ್‌ನಲ್ಲೂ ಇಷ್ಟು ಬೇಗ ಸುದ್ದಿ ಸಿಗುವುದಿಲ್ಲ. ಮಾವಶಿಗೂ ಇದರಲ್ಲಿ ಲಾಭ ಇದೆ ನೋಡಿ. ಹುಡುಗ ಮಲಗಿದರೆ ಆಕೆಯ ದುಡ್ಡೂ ಮಲಗುತ್ತದೆ.

ಹಾಗಾಗಿ ಹುಡುಗ ಒಪ್ಪಿದರೆ ಮಾತ್ರ ಮಾವಶಿಯನ್ನೇ ಅವನ ಟ್ರೀಟ್‌ಮೆಂಟ್ ಸಪೋರ್ಟರ್, ಅಂದರೆ ಮಾತ್ರೆ ನುಂಗಿದ್ದನ್ನು ನೋಡಿಕೊಳ್ಳುವವಳು, ಮಾಡಿದೆ. ಆಕೆಗೆ ಟಿಬಿ ವಿಷಯ ಗೊತ್ತು, ಇನ್ನೊಂದು ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಬೆಳಿಗ್ಗೆ ಟಿಬಿ ಮಾತ್ರೆ ಮತ್ತು ಟಿಎಲ್‌ಡಿ ಒಂದೇ ಹೊತ್ತಿಗೆ, ಸಂಜೆ ಏಳರ ಊಟಕ್ಕೆ ಹೆಚ್ಚಿನ ಡೊಲುಟೆಗ್ರಾವಿರ್. ಡಾಕ್ಟರ್ ಒಪ್ಪಿದ ಮೇಲೇ ಈ ಹೊತ್ತು ಬದಲಿಸಿದ್ದು. ಮಾವಶಿ ಲೆಕ್ಕದಲ್ಲಿ ಬೆಳಿಗ್ಗೆ "ದೊಡ್ಡ ಗುಳಿಗಿ", ಸಂಜೆ "ಸಣ್ಣ ಗುಳಿಗಿ". ಊಟದ ಗೆರೆ ಪಕ್ಕ ಒಂದು ಚುಕ್ಕೆ ಇಡುತ್ತಾಳೆ. ಬಾಟಲಿಯ ಲೇಬಲ್ ಯಾರಿಗೂ ಕಾಣದ ಹಾಗೆ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆದರೆ ಉಪಯೋಗವೇ ಹೋಗುತ್ತದೆ, ಬೇಕಾದವರು ಎದುರಿಗೆ ಸಿಕ್ಕಾಗ ಕೇಳಿ. ಒಂದು ಮಾತ್ರ ಹೇಳುತ್ತೇನೆ, ಮಾತ್ರೆಯನ್ನು ಬೇರೆ ಡಬ್ಬಿಗೆ ಸುರಿಯಬೇಡಿ.

ನಮ್ಮ ಸೀನಿಯರ್ ಒಬ್ಬರು ನಕ್ಕೇ ನಕ್ಕರು. ಖಾನಾವಳಿಯಲ್ಲಿ ಔಷಧ ಕೊಡುತ್ತೀಯಾ, ನಾಳೆ ಪಾನ್ ಅಂಗಡಿಯಲ್ಲೂ ಕೊಡು ಅಂದರು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನ ನೆನಪಿಸಿದೆ. ಸ್ಯಾನಟೋರಿಯಂನಲ್ಲಿ ಹಾಸಿಗೆ, ಒಳ್ಳೆ ಊಟ ಸಿಕ್ಕವರಷ್ಟೇ ಚೆನ್ನಾಗಿ ಮನೆಯಲ್ಲಿ ಮಾತ್ರೆ ತಿಂದವರೂ ಗುಣವಾದರು ಅಂತ ಅಲ್ಲಿ ತೋರಿಸಿದ್ದರು ಅಲ್ವಾ? ಈ ಹುಡುಗರಿಗೆ ಖಾನಾವಳಿಯೇ ಮನೆ. ಅವರು ಉತ್ತರ ಕೊಡಲಿಲ್ಲ, ಆದರೆ ತಡೆಯಲೂ ಇಲ್ಲ.

ಎಲ್ಲ ಖಾನಾವಳಿಯಲ್ಲೂ ಇದು ನಡೆಯಲಿಲ್ಲ. ಇನ್ನೊಂದು ಕಡೆ ಮಾಲೀಕ ಟಿಬಿ ಅಂದ ಕೂಡಲೇ ಹುಡುಗನ ತಟ್ಟೆಯನ್ನೇ ಬೇರೆ ಇಟ್ಟ. ಇದು ಗಾಳಿಯಲ್ಲಿ ಹರಡುವ ರೋಗ, ತಟ್ಟೆಯಿಂದಲ್ಲ, ಸರಿಯಾಗಿ ಮಾತ್ರೆ ನುಂಗಿದರೆ ಕೆಲವೇ ವಾರದಲ್ಲಿ ಹರಡುವುದೂ ಬಹಳ ಕಮ್ಮಿಯಾಗುತ್ತದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಅಲ್ಲಿಂದ ಹುಡುಗರನ್ನು ಎಬ್ಬಿಸಿಕೊಂಡು ಬಂದೆ.

ದುಡ್ಡಿನ ಲೆಕ್ಕಕ್ಕೆ ಬರೋಣ, ಅಸಲಿ ಜಗಳ ಇರುವುದೇ ಅಲ್ಲಿ. ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್‌ನಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಯಿತು. ಒಳ್ಳೆಯದೇ. ಆದರೆ ಅದು ಬರುವುದು ಬ್ಯಾಂಕ್ ಖಾತೆಗೆ, ಪಾಸ್‌ಬುಕ್ ಇರುವುದು ಊರಲ್ಲಿ ಅವ್ವನ ಟ್ರಂಕಿನಲ್ಲಿ, ಬರುವಾಗ ಎರಡು ಮೂರು ತಿಂಗಳದ್ದು ಒಟ್ಟಿಗೆ. ಮೊಟ್ಟೆ ಇವತ್ತೇ ಬೇಕಲ್ಲ! ದಿನಕ್ಕೆ ಎರಡು ಅಂದರೂ ತಿಂಗಳಿಗೆ ನಾನೂರು ಐನೂರು. ಮಾವಶಿ ಉದ್ರಿ ಕೊಡುತ್ತಾಳೆ, ಜಾಮೀನು ನಾನು. ಸಪೋರ್ಟರ್‌ಗೆ ಸಿಗುವ 1,000 ರೂಪಾಯಿ ಚಿಕಿತ್ಸೆ ಮುಗಿದ ಮೇಲೆ ಬರುವಂಥದ್ದು, ಅದನ್ನು ನಂಬಿ ಆಕೆ ಒಲೆ ಹಚ್ಚಲಾರಳು. ಮೊದಲ ವರ್ಷ ನನ್ನ ಕೈಯಿಂದ ಏಳೆಂಟು ಸಾವಿರ ಹೋಯಿತು, ಅರ್ಧ ವಾಪಸ್ ಬಂತು. ಈಗ ಕೈಯಿಂದ ಹೋಗುವುದಿಲ್ಲ, ಯಾಕೆಂದರೆ ಮೇಸ್ತ್ರಿಗಳನ್ನೂ ಇದರೊಳಗೆ ಎಳೆದಿದ್ದೇನೆ. ಹೇಗೆ ಅಂತ ಮಾತ್ರ ಕೇಳಬೇಡಿ.

ಎಚ್‌ಐವಿ ಔಷಧ (ಎಆರ್‌ಟಿ) ಕೊಡುವ ಬಾಂಬೋಳಿಯ ಎಆರ್‌ಟಿ ಸೆಂಟರಿಗೆ ಹೋದರೆ ಒಂದು ದಿನದ ಪಗಾರ ಹೋಯಿತು, ಏಳೆಂಟು ನೂರು. ಎರಡೂ ಕಾಯಿಲೆ ಇದ್ದವರಿಗೆ ಟಿಬಿ ಮಾತ್ರೆಯೂ ಎಆರ್‌ಟಿ ಸೆಂಟರಿನಲ್ಲೇ ಕೊಡಬೇಕು ಅಂತ ನಿಯಮವೇ ಇದೆ. ಅದನ್ನು ಪಟ್ಟು ಹಿಡಿದು ಕೇಳಿ, ಎರಡೂ ತಾರೀಖು ಒಂದೇ ದಿನಕ್ಕೆ ಬರುವ ಹಾಗೆ ಮಾಡಿಸಿಕೊಳ್ಳಿ. ಇದೊಂದರಿಂದಲೇ ತಪ್ಪಿಸಿಕೊಳ್ಳುವವರು ಅರ್ಧಕ್ಕರ್ಧ ಕಮ್ಮಿಯಾದರು ಅಂತ ನನ್ನ ಅಂದಾಜು.

ಊರಿನ ವಿಷಯ. ಮಳೆ ಹಿಡಿದರೆ ಕಟ್ಟಡ ಕೆಲಸ ಬಂದ್, ಬಿತ್ತನೆ ಶುರು, ಇವರು ಹೋಗಿಯೇ ಹೋಗುತ್ತಾರೆ, ತಡೆಯುವುದು ದಂಡ. ಈಗ ಲೆಕ್ಕ ಕೇಳಿದ ದಿನವೇ ಮಾವಶಿ ಫೋನ್ ಮಾಡುತ್ತಾಳೆ. ಬಸ್ಸು ಹತ್ತುವ ಮೊದಲು ಮಾತ್ರೆ ಕೈಯಲ್ಲಿ, ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಜೇಬಿನಲ್ಲಿ, ನಿಕ್ಷಯ್‌ನಲ್ಲಿ ವರ್ಗಾವಣೆ ಆಗಿರುತ್ತದೆ. ಆಶಾಗೂ ಟಿಬಿ ಅಷ್ಟೇ ಗೊತ್ತಿರುತ್ತದೆ.

ಖಾತೆ ನೋಡುತ್ತಾ ಇನ್ನೂ ಕೆಲವು ಕಣ್ಣಿಗೆ ಬಿದ್ದವು. ಹೊಟ್ಟೆ ಉರಿ ಅಂತ ಹುಡುಗರು ಅಂಗಡಿಯಿಂದ ಆಂಟಾಸಿಡ್ ತಂದು ಮಾತ್ರೆ ಜೊತೆಗೇ ಕುಡಿಯುತ್ತಿದ್ದರು. ಡೊಲುಟೆಗ್ರಾವಿರ್ ನುಂಗಿ ಎರಡು ತಾಸಾದರೂ ಆಗಬೇಕು, ಇಲ್ಲ ಆಂಟಾಸಿಡ್ ಕುಡಿದು ಆರು ತಾಸು ಬಿಡಬೇಕು, ಇಲ್ಲವಾದರೆ ಆ ಮಾತ್ರೆ ಮೈಗೆ ಹತ್ತುವುದೇ ಇಲ್ಲ. ಇನ್ನೊಂದು, ಎಆರ್‌ಟಿ ಶುರುವಾದ ಎರಡು ಮೂರು ವಾರಕ್ಕೆ ಕೆಲವರಿಗೆ ಕುತ್ತಿಗೆಯ ಗಂಟು ಊದಿ, ಜ್ವರ ಬಂದು, ಊಟ ಸೇರುವುದಿಲ್ಲ. ಮೈಗೆ ಶಕ್ತಿ ವಾಪಸ್ ಬಂದು ರೋಗಾಣು ಮೇಲೆ ಎಗರಿ ಬೀಳುವ ಹೊತ್ತು ಅದು, ಹುಡುಗರು ಮಾತ್ರೆ ವಿಷವಾಯಿತು ಅಂತ ಬಿಡುವುದೂ ಆಗಲೇ. ಎರಡು ರಾತ್ರಿ ಚುಕ್ಕೆ ಇಲ್ಲದಿದ್ದರೆ ನಾನು ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಟಿಬಿ ಮುಗಿದ ಮೇಲೂ ಸಂಜೆಯ ಮಾತ್ರೆ ಇನ್ನೆರಡು ವಾರ ನುಂಗಬೇಕು, ಇದನ್ನು ನಮ್ಮವರೇ ಎಷ್ಟೋ ಜನ ಮರೆಯುತ್ತಾರೆ.

ತೂಕಕ್ಕೆ ಗುಜರಿ ಅಂಗಡಿಯ ಕಾಟಾ ಬಳಸುತ್ತೇನೆ, ನಗಬೇಡಿ, ಗುಜರಿಯವನು ತನಗೆ ನಷ್ಟವಾಗುವಂಥ ಕಾಟಾ ಇಡುವುದಿಲ್ಲ. ಒಬ್ಬನಿಗೆ ಮಾವಶಿ ದಿನಾ ಶೇಂಗಾ ಉಂಡೆ ತಿನ್ನಿಸಿ 47 ಕಿಲೋದಿಂದ 50 ದಾಟಿಸಿದಳು. ಟಿಬಿ ಮಾತ್ರೆ ಕೊಡುವುದು ತೂಕ ನೋಡಿ, ಮೂರಿದ್ದದ್ದು ನಾಲ್ಕಾಯಿತು. ಅದಕ್ಕೆ ಅವನು ಉಂಡೆಯನ್ನೇ ಬೈದ. ಕಫದ ಪರೀಕ್ಷೆಗೆ ರೋಗಾಣುವಿನ ಡಿಎನ್‌ಎ ಹುಡುಕುವ ಟ್ರೂನ್ಯಾಟ್ ಮಾಡಿಸಿ. ಎಚ್‌ಐವಿ ಇದ್ದವರ ಕಫದಲ್ಲಿ ರೋಗಾಣು ಕಮ್ಮಿ, ಮೈಕ್ರೋಸ್ಕೋಪಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಆ ಮಷೀನು ತಯಾರಾಗುವುದು ನಮ್ಮ ಪಕ್ಕದ ವೆರ್ಣಾದಲ್ಲೇ, ಆದರೂ ನಮ್ಮ ಓಣಿಯಲ್ಲಿ ಅದರ ಹೆಸರು ಕೇಳಿದವರಿಲ್ಲ.

ಈಗ ಖೋಲಿಯ ಉಳಿದ ಹುಡುಗರಿಗೆ ಎಕ್ಸ್‌ರೇ ಮಾಡಿಸಿ, ಟಿಬಿ ಇಲ್ಲ ಅಂತ ಖಾತ್ರಿಯಾದವರಿಗೆ ಟಿಬಿ ಬರದಂತೆ ತಡೆಯುವ 3ಎಚ್‌ಪಿ ಮಾತ್ರೆ ಶುರು ಮಾಡಿಸಿದ್ದೇನೆ. ವಾರಕ್ಕೊಂದು ಸಲ, 12 ವಾರ. ದಿನ ಯಾವುದು ಅಂತ ಯೋಚಿಸಬೇಕಾಗಲಿಲ್ಲ, ಖಾನಾವಳಿಯಲ್ಲಿ ಭಾನುವಾರ ಕೋಳಿ ಸಾರು, ಅವತ್ತು ಯಾರೂ ಊಟ ತಪ್ಪಿಸುವುದಿಲ್ಲ. ಕೋಳಿ ತಿನ್ನದ ಲಿಂಗಾಯತರ ಹುಡುಗರು ಇಬ್ಬರಿದ್ದಾರೆ, ಅವರಿಗೆ ಹೋಳಿಗೆ ಮಾಡು ಅಂದರೆ ಮಾವಶಿ ಬೆಲ್ಲದ ರೇಟು ಹೇಳುತ್ತಿದ್ದಾಳೆ.